ವಜ್ರದ ನಾಡಿನ ಬಡತನ: ಸಿಯೆರಾ ಲಿಯೋನ್ ಕಲಿಸುವ ಪಾಠ



1972ರ ಫೆಬ್ರವರಿ 14ರಂದು ಪಶ್ಚಿಮ ಆಫ್ರಿಕದ ಪುಟ್ಟ ದೇಶವಾದ ಸಿಯೆರಾ ಲಿಯೋನಿನಲ್ಲಿ ಕೋಳಿಮೊಟ್ಟೆಯ ಗಾತ್ರದ ವಜ್ರವೊಂದು ಸಿಕ್ಕಿತು. ಅದರ ತೂಕ 968.9 ಕ್ಯಾರೆಟ್. ಐದು ಕ್ಯಾರೆಟ್ ಸೇರಿದರೆ ಒಂದು ಗ್ರಾಂ ಆಗುತ್ತದೆ. ಆ ಲೆಕ್ಕದಲ್ಲಿ ಇದು ಸುಮಾರು 194 ಗ್ರಾಂ ತೂಗುತ್ತಿತ್ತು. ‘ಸಿಯೆರಾ ಲಿಯೋನಿನ ನಕ್ಷತ್ರ’ ಎಂಬ ಹೆಸರು ಪಡೆದ ಈ ಹರಳು ನ್ಯೂಯಾರ್ಕಿನ ಪ್ರಸಿದ್ಧ ವಜ್ರದ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ಅವರ ಕೈ ಸೇರಿತು. ಇಂಥ ಹರಳುಗಳು ದೊರೆಯುವ ದೇಶ ಎಷ್ಟು ಸಿರಿವಂತವಾಗಿರಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಆದರೆ ನಡೆದದ್ದೇ ಬೇರೆ. 19 ವರ್ಷಗಳ ನಂತರ ಅದೇ ದೇಶದಲ್ಲಿ ಅಂತರ್ಯುದ್ಧ ಆರಂಭವಾಯಿತು. 1991ರಿಂದ 2002ರವರೆಗೆ ನಡೆದ ಆ ಯುದ್ಧದಲ್ಲಿ ಸುಮಾರು 50,000 ಜನ ಸತ್ತರೆಂದು ಅಂದಾಜಿದೆ. 20 ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಓಡಿದರು. ಸಾವಿರಾರು ಮಂದಿಯ ಕೈಕಾಲುಗಳನ್ನು ಕಡಿದು ಹಾಕಲಾಯಿತು. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಪಟ್ಟಿಯಲ್ಲಿ ಈ ವಜ್ರದ ನಾಡು ಹಲವು ವರ್ಷಗಳ ಕಾಲ ಕಟ್ಟಕಡೆಯ ಸ್ಥಾನದಲ್ಲಿತ್ತು.

ನೆಲದಲ್ಲಿ ಸಂಪತ್ತು ಇರುವ ದೇಶದಲ್ಲಿ ಜನರು ಏಕೆ ಬಡವರಾಗುತ್ತಾರೆ? ಆ ಸಂಪತ್ತೇ ಯುದ್ಧಕ್ಕೆ ಸೌದೆಯಾಗುವುದು ಹೇಗೆ? ‘ವಜ್ರದಿಂದ ಯುದ್ಧವಾಯಿತು’ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳುವವರು ಬಹಳ. ಆ ಉತ್ತರ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ನಾಡಿನ ಹಿನ್ನೆಲೆ

ಆಫ್ರಿಕದ ಭೂಪಟವನ್ನು ಮುಂದಿಟ್ಟುಕೊಳ್ಳಿ. ಖಂಡದ ಪಶ್ಚಿಮದ ಉಬ್ಬಿನ ಕೆಳಭಾಗದಲ್ಲಿ, ಅಟ್ಲಾಂಟಿಕ್ ಸಾಗರದ ದಂಡೆಯ ಮೇಲೆ, ಗಿನಿ ಮತ್ತು ಲೈಬೀರಿಯ ದೇಶಗಳ ನಡುವೆ ಸಿಯೆರಾ ಲಿಯೋನ್ ಇದೆ. ಇದರ ವಿಸ್ತೀರ್ಣ ಸುಮಾರು 71,700 ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ತುಸು ದೊಡ್ಡದು. 15ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ನಾವಿಕರು ಕರಾವಳಿಯ ಬೆಟ್ಟಗಳಿಗೆ ‘ಸಿಂಹದ ಬೆಟ್ಟಗಳು’ ಎಂಬ ಅರ್ಥದ ಹೆಸರನ್ನಿಟ್ಟರು. ದೇಶದ ಹೆಸರು ಅದರಿಂದಲೇ ಬಂದಿದೆ. ಬಿಡುಗಡೆ ಹೊಂದಿದ ಗುಲಾಮರ ನೆಲೆಯಾಗಿ 1792ರಲ್ಲಿ ಸ್ಥಾಪಿತವಾದ ಫ್ರೀಟೌನ್ ಇದರ ರಾಜಧಾನಿ. 1827ರಲ್ಲಿ ಇಲ್ಲಿ ಆರಂಭವಾದ ಫೂರಾ ಬೇ ಕಾಲೇಜು ಇಡೀ ಪಶ್ಚಿಮ ಆಫ್ರಿಕಕ್ಕೆ ವಿದ್ಯೆಯ ಕೇಂದ್ರವಾಗಿತ್ತು. ಆ ಕಾರಣದಿಂದ ಫ್ರೀಟೌನನ್ನು ‘ಪಶ್ಚಿಮ ಆಫ್ರಿಕದ ಅಥೆನ್ಸ್’ ಎಂದೂ ಕರೆಯುತ್ತಿದ್ದರು.

ಬ್ರಿಟಿಷರ ಆಳ್ವಿಕೆಯಲ್ಲಿದ್ದಾಗ, 1930ರಲ್ಲಿ, ಪೂರ್ವದ ಕೊನೊ ಜಿಲ್ಲೆಯಲ್ಲಿ ಭೂಗರ್ಭ ಸಮೀಕ್ಷೆ ನಡೆಸುತ್ತಿದ್ದವರಿಗೆ ವಜ್ರ ಕಣ್ಣಿಗೆ ಬಿತ್ತು. 1935ರಲ್ಲಿ ಸರ್ಕಾರವು ಸಿಯೆರಾ ಲಿಯೋನ್ ಸೆಲೆಕ್ಷನ್ ಟ್ರಸ್ಟ್ ಎಂಬ ಕಂಪನಿಗೆ 99 ವರ್ಷಗಳ ಅವಧಿಗೆ ವಜ್ರ ತೆಗೆಯುವ ಏಕಸ್ವಾಮ್ಯದ ಹಕ್ಕನ್ನು ಕೊಟ್ಟಿತು. ತಮ್ಮ ಹೊಲ, ಹಳ್ಳಗಳಲ್ಲಿ ಬಿದ್ದಿದ್ದ ಹರಳುಗಳನ್ನು ಹೆಕ್ಕುವುದು ಕೊನೊ ಜನರಿಗೆ ಅಂದಿನಿಂದ ಅಪರಾಧವಾಯಿತು. ಸಂಪತ್ತು ತಮ್ಮದಲ್ಲ ಎಂಬ ಭಾವನೆ ಜನರಲ್ಲಿ ಬೇರೂರಿದ್ದು ಆಗಲೇ. ಇದನ್ನು ನಾವು ನೆನಪಿನಲ್ಲಿಡಬೇಕು.

ಗುದ್ದಲಿ ಮತ್ತು ಜರಡಿ

ಇಲ್ಲಿ ಗಣಿಗಾರಿಕೆಯ ಒಂದು ಸೂಕ್ಷ್ಮವನ್ನು ತಿಳಿಯುವುದು ಅಗತ್ಯ. ನಮ್ಮ ಕೋಲಾರದ ಚಿನ್ನದ ಗಣಿಯನ್ನೇ ತೆಗೆದುಕೊಳ್ಳಿ. ಅಲ್ಲಿನ ಚಿನ್ನ ಕಲ್ಲಿನೊಳಗೆ ಸೇರಿಕೊಂಡಿತ್ತು. ಅದನ್ನು ತೆಗೆಯಲು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಬೇಕಾಯಿತು. ಗಣಿಗೆ ವಿದ್ಯುತ್ ಒದಗಿಸಲು 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆಯಬೇಕಾಯಿತು. ದೊಡ್ಡ ಬಂಡವಾಳ, ಯಂತ್ರ, ಎಂಜಿನಿಯರುಗಳು, ಶಿಸ್ತಿನ ಆಡಳಿತ ಇಲ್ಲದೆ ಅಲ್ಲಿ ಒಂದು ತೊಲ ಚಿನ್ನವೂ ಮೇಲೆ ಬರುತ್ತಿರಲಿಲ್ಲ. ಬಂದೂಕು ಹಿಡಿದ ಹತ್ತು ಜನ ನುಗ್ಗಿದರೆ ಅಂಥ ಗಣಿಯನ್ನು ನಿಲ್ಲಿಸಬಹುದು, ನಡೆಸಲಾಗದು.

ಕೊನೊ ಜಿಲ್ಲೆಯ ವಜ್ರದ ಸ್ಥಿತಿ ಬೇರೆ. ಲಕ್ಷಾಂತರ ವರ್ಷಗಳ ಮಳೆ, ಹೊಳೆಗಳು ಬಂಡೆಗಳನ್ನು ಸವೆಸಿ, ಹರಳುಗಳನ್ನು ನದೀಪಾತ್ರಗಳ ಮರಳು ಮತ್ತು ಜಲ್ಲಿಯಲ್ಲಿ ಹರಡಿದ್ದವು. ಇವನ್ನು ಮೆಕ್ಕಲು ವಜ್ರಗಳು ಎನ್ನಬಹುದು. ಗುದ್ದಲಿ, ಸಲಿಕೆ, ಜರಡಿ ಇದ್ದರೆ ಸಾಕು. ಮಣ್ಣನ್ನು ಅಗೆದು ನೀರಿನಲ್ಲಿ ಜಾಲಿಸಿ ಹರಳನ್ನು ಹುಡುಕಬಹುದು. ಒಂದು ಬೆಂಕಿಪೆಟ್ಟಿಗೆಯಲ್ಲಿ ತುಂಬಿಕೊಂಡು ಗಡಿ ದಾಟಿದರೆ ಯಾರಿಗೂ ಕಾಣದು. ಸಾವಿರಾರು ಚದರ ಕಿಲೋಮೀಟರ್ ಹರಡಿದ ಇಂಥ ನೆಲವನ್ನು ಬೇಲಿ ಹಾಕಿ ಕಾಯುವುದು ಕಂಪನಿಗೂ ಸಾಧ್ಯವಾಗಲಿಲ್ಲ. 1950ರ ದಶಕದಲ್ಲಿ ಜನ ಹೊಲಗೆಲಸ ಬಿಟ್ಟು ಕೊನೊ ಕಡೆಗೆ ನುಗ್ಗಿದರು. 1956ರ ಹೊತ್ತಿಗೆ ಆ ಒಂದು ಜಿಲ್ಲೆಯಲ್ಲೇ 75,000 ಮಂದಿ ಪರವಾನಗಿಯಿಲ್ಲದೆ ವಜ್ರ ಅಗೆಯುತ್ತಿದ್ದರೆಂದು ಅಂದಾಜಿಸಲಾಗಿದೆ. ಕಳ್ಳಸಾಗಣೆಯ ಜಾಲ ನೆರೆಯ ಲೈಬೀರಿಯಕ್ಕೆ ಹಬ್ಬಿದ್ದು ಆ ಕಾಲದಲ್ಲೇ.

ಹೀಗೆ ಸುಲಭವಾಗಿ ಎತ್ತಿಕೊಳ್ಳಬಹುದಾದ ಸಂಪತ್ತು ಪ್ರಾಮಾಣಿಕನಾದ ಬಡವನಿಗೆ ಹೇಗೆ ದಕ್ಕಬಹುದೋ, ಹಾಗೆಯೇ ಕಳ್ಳನಿಗೂ ಬಂದೂಕುಧಾರಿಗೂ ದಕ್ಕುತ್ತದೆ. ಯಾರಿಗೆ ದಕ್ಕಬೇಕು ಎಂಬುದನ್ನು ನಿರ್ಧರಿಸಬೇಕಾದದ್ದು ಸರ್ಕಾರ. ಸರ್ಕಾರವೇ ಕಳ್ಳರ ಜತೆ ಸೇರಿದರೆ ಏನಾಗುತ್ತದೆ ಎಂಬುದು ಮುಂದಿನ ಕಥೆ.

ನೆರಳಿನ ಆಡಳಿತ

1961ರ ಏಪ್ರಿಲ್ 27ರಂದು ಸಿಯೆರಾ ಲಿಯೋನ್ ಸ್ವತಂತ್ರವಾಯಿತು. ಮಿಲ್ಟನ್ ಮಾರ್ಗಾಯ್ ಮೊದಲ ಪ್ರಧಾನಿ. 1967ರ ಚುನಾವಣೆಯಲ್ಲಿ ವಿರೋಧ ಪಕ್ಷದ ನಾಯಕ ಸಿಯಾಕಾ ಸ್ಟೀವನ್ಸ್ ಗೆದ್ದರು. ಸೈನಿಕ ಕ್ಷಿಪ್ರಕ್ರಾಂತಿಯ ಅಡ್ಡಿಯನ್ನು ದಾಟಿ 1968ರಲ್ಲಿ ಅವರು ಅಧಿಕಾರಕ್ಕೆ ಬಂದರು. ಕಾರ್ಮಿಕ ಸಂಘಟನೆಯ ಹಿನ್ನೆಲೆಯಿಂದ ಬಂದ ಸ್ಟೀವನ್ಸ್ ಬಗ್ಗೆ ಜನರಿಗೆ ಬಹಳ ಭರವಸೆಯಿತ್ತು.

1971ರಲ್ಲಿ ಸ್ಟೀವನ್ಸ್ ಸರ್ಕಾರ ವಜ್ರದ ಕಂಪನಿಯಲ್ಲಿ ಶೇ. 51ರಷ್ಟು ಪಾಲನ್ನು ವಹಿಸಿಕೊಂಡು ರಾಷ್ಟ್ರೀಯ ವಜ್ರ ಗಣಿ ಕಂಪನಿಯನ್ನು ಸ್ಥಾಪಿಸಿತು. ನಾಡಿನ ಸಂಪತ್ತು ನಾಡಿಗೆ ಬಂತೆಂದು ಜನ ಹಿಗ್ಗಿದರು. ಆದರೆ ಅಂಕಿಗಳು ಹೇಳುವುದು ಬೇರೆ. ಅಧಿಕೃತವಾಗಿ ರಫ್ತಾದ ವಜ್ರ 1970ರಲ್ಲಿ 20 ಲಕ್ಷ ಕ್ಯಾರೆಟ್ ಇತ್ತು. 1980ರಲ್ಲಿ ಅದು 5,95,000 ಕ್ಯಾರೆಟ್ಟಿಗೆ ಇಳಿಯಿತು. 1988ರಲ್ಲಿ ಕೇವಲ 48,000 ಕ್ಯಾರೆಟ್. ನೆಲದಲ್ಲಿ ವಜ್ರ ಅಷ್ಟು ಬೇಗ ಬರಿದಾಗಿರಲಿಲ್ಲ. ಸರ್ಕಾರದ ಲೆಕ್ಕಪುಸ್ತಕದಿಂದ ಮಾತ್ರ ಅದು ಮಾಯವಾಗಿತ್ತು. ಗಣಿಯ ಪರವಾನಗಿ, ರಫ್ತಿನ ಹಕ್ಕು, ವಿದೇಶೀ ವಿನಿಮಯ ಎಲ್ಲವೂ ಅಧ್ಯಕ್ಷರ ಆಪ್ತರ ಪಾಲಾದವು. ಬೇಕಾದವರಿಗೆ ಕೊಡುವುದು, ಬೇಡವಾದವರಿಂದ ಕಿತ್ತುಕೊಳ್ಳುವುದು ಆಳ್ವಿಕೆಯ ಸಾಧನವಾಯಿತು. ರಾಜ್ಯಶಾಸ್ತ್ರಜ್ಞ ವಿಲಿಯಂ ರೆನೊ ಈ ವ್ಯವಸ್ಥೆಯನ್ನು ‘ನೆರಳಿನ ರಾಜ್ಯ’ ಎಂದು ಕರೆದಿದ್ದಾರೆ. ಕಚೇರಿ, ಕಾನೂನು, ಮಂತ್ರಿಮಂಡಲ ಎಲ್ಲವೂ ಮುಂದೆ ಇರುತ್ತವೆ. ನಿಜವಾದ ವ್ಯವಹಾರ ಅವುಗಳ ಹಿಂದಿನ ನೆರಳಿನಲ್ಲಿ ನಡೆಯುತ್ತದೆ.

ಇದರ ಪರಿಣಾಮವನ್ನು ಗಮನಿಸಬೇಕು. ಸಾಮಾನ್ಯವಾಗಿ ಒಂದು ಸರ್ಕಾರ ಜನರಿಂದ ತೆರಿಗೆ ಪಡೆದು ನಡೆಯುತ್ತದೆ. ಜನ ದುಡಿದು ನಾಲ್ಕು ಕಾಸು ಸಂಪಾದಿಸಿದರೆ ಮಾತ್ರ ತೆರಿಗೆ ಬರುತ್ತದೆ. ಆದ್ದರಿಂದ ರಸ್ತೆ, ಶಾಲೆ, ಆಸ್ಪತ್ರೆ, ನ್ಯಾಯಾಲಯಗಳನ್ನು ಚೆನ್ನಾಗಿಟ್ಟುಕೊಳ್ಳುವುದು ಸರ್ಕಾರದ ಹಿತವೂ ಹೌದು. ತೆರಿಗೆ ಕೊಟ್ಟವನು ಲೆಕ್ಕ ಕೇಳುತ್ತಾನೆ. ಆದರೆ ನೆಲದಿಂದಲೇ ನೇರವಾಗಿ ಹಣ ಹುಟ್ಟುವಾಗ ಆಳುವವರಿಗೆ ಜನರ ದುಡಿಮೆಯ ಹಂಗು ಇರುವುದಿಲ್ಲ. ಜನರಿಗೆ ಲೆಕ್ಕ ಕೇಳುವ ದಾರಿಯೂ ಉಳಿಯುವುದಿಲ್ಲ. ಸಿಯೆರಾ ಲಿಯೋನಿನಲ್ಲಿ ಆದದ್ದು ಇದೇ. 1970ರ ದಶಕದ ಮಧ್ಯದ ಹೊತ್ತಿಗೆ, ವಿರೋಧ ಪಕ್ಷದ ನೆಲೆಯಾಗಿದ್ದ ಆಗ್ನೇಯ ಭಾಗವನ್ನು ರಾಜಧಾನಿಗೆ ಬೆಸೆದಿದ್ದ ರೈಲುಮಾರ್ಗವನ್ನೇ ಮುಚ್ಚಲಾಯಿತು. ರೈತ ತನ್ನ ಕಾಫಿ, ಕೋಕೋ ಬೆಳೆಯನ್ನು ಸಾಗಿಸುವ ಅಗ್ಗದ ದಾರಿಯನ್ನು ಕಳೆದುಕೊಂಡ. 1977ರಲ್ಲಿ ಫೂರಾ ಬೇ ಕಾಲೇಜಿನ ವಿದ್ಯಾರ್ಥಿಗಳು ಬೀದಿಗಿಳಿದು ಪ್ರತಿಭಟಿಸಿದರು. ಅದರ ಮರುವರ್ಷ, 1978ರಲ್ಲಿ, ದೇಶ ಏಕಪಕ್ಷ ರಾಜ್ಯವಾಯಿತು. 1980ರಲ್ಲಿ ಆಫ್ರಿಕನ್ ಏಕತಾ ಸಂಸ್ಥೆಯ ಸಮ್ಮೇಳನವನ್ನು ಫ್ರೀಟೌನಿನಲ್ಲಿ ಅದ್ದೂರಿಯಾಗಿ ನಡೆಸಿ ಬೊಕ್ಕಸವನ್ನು ಬರಿದು ಮಾಡಲಾಯಿತು.

1985ರಲ್ಲಿ ಸ್ಟೀವನ್ಸ್ ಅಧಿಕಾರವನ್ನು ಸೇನಾಧಿಪತಿ ಜೋಸೆಫ್ ಮೊಮೊ ಅವರಿಗೆ ವಹಿಸಿದರು. 1980ರ ದಶಕದ ಕೊನೆಗೆ ಶಿಕ್ಷಕರಿಗೂ ನೌಕರರಿಗೂ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಶಿಕ್ಷಕರಿಲ್ಲದ ಶಾಲೆಗಳು ಮುಚ್ಚಿದವು. ಓದೂ ಇಲ್ಲದ, ಕೆಲಸವೂ ಇಲ್ಲದ ತರುಣರ ದೊಡ್ಡ ಗುಂಪು ವಜ್ರದ ಗುಂಡಿಗಳ ಸುತ್ತ ಸೇರಿಕೊಂಡಿತು. ಯುದ್ಧಕ್ಕೆ ಬೇಕಾದ ಮದ್ದು ಸಿದ್ಧವಾಗಿತ್ತು. ಕಿಡಿ ಬೀಳುವುದಷ್ಟೇ ಬಾಕಿ.

ಕಿಡಿ ಬಿದ್ದದ್ದು

1991ರ ಮಾರ್ಚ್ 23ರಂದು ಲೈಬೀರಿಯದ ಗಡಿಯಿಂದ ಸಣ್ಣ ಶಸ್ತ್ರಸಜ್ಜಿತ ಪಡೆಯೊಂದು ಪೂರ್ವದ ಕೈಲಾಹುನ್ ಜಿಲ್ಲೆಯ ಬೊಮಾರು ಎಂಬ ಊರಿನ ಮೇಲೆ ಬಿತ್ತು. ಕ್ರಾಂತಿಕಾರಿ ಸಂಯುಕ್ತ ರಂಗ ಎಂದು ಅದು ತನ್ನನ್ನು ಕರೆದುಕೊಂಡಿತು. ಅದರ ನಾಯಕ ಫೋಡೆ ಸಂಕೊ, ಸೈನ್ಯದಲ್ಲಿ ಕಾರ್ಪೊರಲ್ ಆಗಿದ್ದವನು. 1971ರ ವಿಫಲ ದಂಗೆಗಾಗಿ ಸೆರೆಮನೆ ಕಂಡವನು. ಬಿಡುಗಡೆಯಾದ ಮೇಲೆ ಛಾಯಾಚಿತ್ರ ತೆಗೆಯುತ್ತ ಊರೂರು ಅಲೆದವನು. ಲಿಬಿಯಾದಲ್ಲಿ ಅವನಿಗೆ ಯುದ್ಧದ ತರಬೇತಿ ಸಿಕ್ಕಿತ್ತು. ಬೆನ್ನಿಗೆ ನಿಂತಿದ್ದವನು ಲೈಬೀರಿಯದ ಬಂಡುಕೋರ ನಾಯಕ ಚಾರ್ಲ್ಸ್ ಟೇಲರ್.

ಭ್ರಷ್ಟ ಆಡಳಿತವನ್ನು ಕಿತ್ತೊಗೆದು ಬಡವರಿಗೆ ನ್ಯಾಯ ಕೊಡಿಸುತ್ತೇವೆ ಎಂಬುದು ಸಂಕೊನ ಘೋಷಣೆ. ದೂರು ನಿಜವಾದದ್ದೇ. ಆದರೆ ಅವನ ಪಡೆ ಮೊದಲು ಬಲಿ ತೆಗೆದುಕೊಂಡದ್ದು ಅದೇ ಬಡವರನ್ನು. ಹಳ್ಳಿಗಳನ್ನು ಸುಡುವುದು, ಮಕ್ಕಳನ್ನು ಅಪಹರಿಸಿ ಕೈಗೆ ಬಂದೂಕು ಕೊಡುವುದು, ಹೆಣ್ಣುಮಕ್ಕಳನ್ನು ಹೊತ್ತೊಯ್ಯುವುದು ಅದರ ರೀತಿಯಾಯಿತು. ಕೊನೊ ಜಿಲ್ಲೆ ಮತ್ತು ಕೆನೆಮಾ ಜಿಲ್ಲೆಯ ಟೊಂಗೊ ವಜ್ರದ ಬಯಲುಗಳು ಕೈಗೆ ಬಂದ ಮೇಲೆ, ಸೆರೆಸಿಕ್ಕ ಜನರನ್ನು ಬಂದೂಕಿನ ಕಾವಲಿನಲ್ಲಿ ಅಗೆಯಲು ಹಚ್ಚಲಾಯಿತು. ಜನರ ಬೆಂಬಲದಿಂದ ನಡೆಯುವ ಬಂಡಾಯ ಜನರ ಮನಸ್ಸನ್ನು ಗೆಲ್ಲಬೇಕಾಗುತ್ತದೆ, ಅವರ ಮನೆಯ ಅನ್ನವನ್ನು ಬೇಡಬೇಕಾಗುತ್ತದೆ. ವಜ್ರದಿಂದ ನಡೆಯುವ ಬಂಡಾಯಕ್ಕೆ ಅದರ ಗರಜೇ ಇಲ್ಲ. ಭ್ರಷ್ಟ ಸರ್ಕಾರಕ್ಕೂ ಅದನ್ನು ಎದುರಿಸಿದ ಬಂಡುಕೋರರಿಗೂ ಈ ಒಂದು ವಿಷಯದಲ್ಲಿ ವ್ಯತ್ಯಾಸವಿರಲಿಲ್ಲ: ಇಬ್ಬರಿಗೂ ಜನರು ಬೇಕಾಗಿರಲಿಲ್ಲ, ನೆಲ ಮಾತ್ರ ಬೇಕಾಗಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದಾಗ

ಜನರನ್ನು ಕಾಯಬೇಕಾದ ಸೈನ್ಯವೇನು ಮಾಡುತ್ತಿತ್ತು? ಸರಿಯಾಗಿ ಸಂಬಳ ಬಾರದೆ, ಮದ್ದುಗುಂಡು ಬಾರದೆ ರೊಚ್ಚಿಗೆದ್ದ ಕಿರಿಯ ಅಧಿಕಾರಿಗಳು 1992ರ ಏಪ್ರಿಲ್ 29ರಂದು ಮೊಮೊ ಸರ್ಕಾರವನ್ನು ಉರುಳಿಸಿದರು. ಆಗ ದೇಶದ ಮುಖ್ಯಸ್ಥನಾದ ಕ್ಯಾಪ್ಟನ್ ವ್ಯಾಲೆಂಟೈನ್ ಸ್ಟ್ರಾಸರ್‌ಗೆ ಇನ್ನೂ 25 ವರ್ಷ. ಆದರೆ ವಜ್ರದ ಬಯಲಿಗೆ ಹೋದ ಸೈನಿಕರಲ್ಲಿ ಅನೇಕರು ತಾವೇ ಅಗೆಯಲು ತೊಡಗಿದರು. ಹಗಲು ಸೈನಿಕ, ರಾತ್ರಿ ಬಂಡುಕೋರ ಎಂಬ ಸ್ಥಿತಿ ಬಂತು. ಇಂಗ್ಲಿಷಿನಲ್ಲಿ ಸೈನಿಕ, ಬಂಡುಕೋರ ಎಂಬ ಅರ್ಥದ ಎರಡು ಪದಗಳನ್ನು ಕೂಡಿಸಿ ಜನರು ಇವರಿಗೆ ‘ಸೊಬೆಲ್’ ಎಂದು ಹೆಸರಿಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುವ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

1995ರಲ್ಲಿ ಬಂಡುಕೋರರು ರಾಜಧಾನಿಯ ಹತ್ತಿರಕ್ಕೆ ಬಂದಾಗ ಸರ್ಕಾರ ದಕ್ಷಿಣ ಆಫ್ರಿಕದ ಬಾಡಿಗೆ ಸೈನಿಕರ ಸಂಸ್ಥೆಯಾದ ಎಕ್ಸಿಕ್ಯುಟಿವ್ ಔಟ್‌ಕಮ್ಸ್ ಅನ್ನು ಕರೆಸಿಕೊಂಡಿತು. ಆ ಸೈನಿಕರು ಬಂಡುಕೋರರನ್ನು ಹಿಮ್ಮೆಟ್ಟಿಸಿ ಕೊನೊ ಬಯಲನ್ನು ಬಿಡಿಸಿಕೊಟ್ಟರು. ಹೀಗೆ ದೇಶದ ರಕ್ಷಣೆಯೇ ಹಣಕ್ಕೆ ಕೊಳ್ಳುವ ಸರಕಾಯಿತು. ಆ ಹಣಕ್ಕೂ ಗಣಿಯ ಆದಾಯದ ಮೇಲೆಯೇ ಕಣ್ಣಿಡಬೇಕಾಯಿತು.

1996ರಲ್ಲಿ ಜನ ಧೈರ್ಯದಿಂದ ಮತ ಹಾಕಿ ಅಹ್ಮದ್ ತೇಜಾನ್ ಕಬ್ಬಾ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಮತ ಹಾಕಿದ ಕೈಗಳನ್ನು ಕಡಿಯುವ ಕ್ರೌರ್ಯಕ್ಕೆ ಬಂಡುಕೋರರು ಇಳಿದದ್ದು ಈ ಚುನಾವಣೆಯ ಸಂದರ್ಭದಲ್ಲಿ. ಪ್ರಜಾಪ್ರಭುತ್ವದಲ್ಲಿ ಮತ ಹಾಕುವ ಕೈಗೆ ಎಷ್ಟು ಬಲವಿದೆ ಎಂಬುದು ಆ ಕಟುಕರಿಗೆ ಚೆನ್ನಾಗಿ ತಿಳಿದಿತ್ತು. 1997ರ ಮೇ ತಿಂಗಳಲ್ಲಿ ಮತ್ತೊಂದು ಸೈನಿಕ ದಂಗೆಯಾಯಿತು. ಈ ಸಲ ಸೈನಿಕರು ಬಂಡುಕೋರರನ್ನೇ ಅಧಿಕಾರದಲ್ಲಿ ಪಾಲುದಾರರಾಗಲು ಕರೆದರು. ನೈಜೀರಿಯದ ನೇತೃತ್ವದ ಪಶ್ಚಿಮ ಆಫ್ರಿಕದ ಪಡೆ 1998ರಲ್ಲಿ ಕಬ್ಬಾ ಸರ್ಕಾರವನ್ನು ಮತ್ತೆ ಕೂರಿಸಿತು. 1999ರ ಜನವರಿ 6ರಂದು ಬಂಡುಕೋರರು ಫ್ರೀಟೌನಿಗೆ ನುಗ್ಗಿದರು. ಆ ಕೆಲವು ವಾರಗಳಲ್ಲಿ ನಗರದಲ್ಲಿ ಸಾವಿರಾರು ಜನ ಸತ್ತರು.

ಹರಳು ಹೋದ ದಾರಿ

ಕೊನೊ ಜಿಲ್ಲೆಯ ಕೆಸರಿನಲ್ಲಿ ಸಿಕ್ಕ ಹರಳು ಬಂದೂಕಾಗಿ ಬದಲಾದದ್ದು ಹೇಗೆ? ದಾರಿ ಲೈಬೀರಿಯದ ಮೂಲಕ. 1997ರಲ್ಲಿ ಚಾರ್ಲ್ಸ್ ಟೇಲರ್ ಅಲ್ಲಿ ಅಧ್ಯಕ್ಷನಾಗಿದ್ದ. ಲೈಬೀರಿಯದ ನೆಲದಲ್ಲಿ ವರ್ಷಕ್ಕೆ ಹೆಚ್ಚೆಂದರೆ ಒಂದು ಲಕ್ಷದಿಂದ ಒಂದೂವರೆ ಲಕ್ಷ ಕ್ಯಾರೆಟ್ ವಜ್ರ ಸಿಗಬಹುದೆಂದು ತಜ್ಞರ ಅಂದಾಜು. ಆದರೆ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪೇಟೆಯ ದಾಖಲೆಗಳ ಪ್ರಕಾರ, 1994ರಿಂದ 1998ರವರೆಗೆ ಲೈಬೀರಿಯದ ಹೆಸರಿನಲ್ಲಿ ಬಂದ ವಜ್ರ 3 ಕೋಟಿ 10 ಲಕ್ಷ ಕ್ಯಾರೆಟ್. ಅಂದರೆ ವರ್ಷಕ್ಕೆ ಸರಾಸರಿ 60 ಲಕ್ಷ ಕ್ಯಾರೆಟ್ಟಿಗೂ ಹೆಚ್ಚು. ಒಂದೂವರೆ ಲಕ್ಷ ಬೆಳೆಯುವ ಹೊಲದಿಂದ 60 ಲಕ್ಷದ ಫಸಲು ಹೇಗೆ ಬಂತು ಎಂದು ಪೇಟೆಯಲ್ಲಿ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಅದರಲ್ಲಿ ಸಿಯೆರಾ ಲಿಯೋನಿನದೂ ಇತ್ತು, ಬೇರೆ ದೇಶಗಳ ಕಳ್ಳಮಾಲೂ ಇತ್ತು. ಬಂಡುಕೋರರ ವಜ್ರ ವ್ಯಾಪಾರ ವರ್ಷಕ್ಕೆ 2.5 ಕೋಟಿಯಿಂದ 12.5 ಕೋಟಿ ಡಾಲರಿನಷ್ಟಿತ್ತು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2000ದ ಡಿಸೆಂಬರಿನಲ್ಲಿ ವರದಿ ಮಾಡಿತು.

ಯುದ್ಧಕ್ಕೆ ಹಣ ಕೊಟ್ಟವರು ಕಾಡಿನಲ್ಲಿ ಮಾತ್ರ ಇರಲಿಲ್ಲ. ದೂರದ ನಗರಗಳ ಅಂಗಡಿಗಳಲ್ಲಿ ಮದುವೆಯ ಉಂಗುರ ಕೊಂಡವರ ಹಣವೂ, ಅವರಿಗೆ ಅರಿವಿಲ್ಲದೆಯೇ, ಸುತ್ತಿ ಬಳಸಿ ಅಲ್ಲಿಗೆ ತಲುಪುತ್ತಿತ್ತು. ಈ ಮಾತು ಭಾರತೀಯರಾದ ನಮಗೂ ಸಂಬಂಧಿಸಿದ್ದು. ಜಗತ್ತಿನಲ್ಲಿ ಕತ್ತರಿಸಿ ಮೆರುಗು ಕೊಡುವ ವಜ್ರಗಳಲ್ಲಿ, ಸಂಖ್ಯೆಯ ಲೆಕ್ಕದಲ್ಲಿ, ಬಹುಪಾಲು ನಮ್ಮ ಸೂರತ್ ನಗರದ ಕುಶಲಕರ್ಮಿಗಳ ಕೈಯಲ್ಲೇ ಹಾದುಹೋಗುತ್ತವೆ.

ನರಿಗೆ ಕೋಳಿಗೂಡಿನ ಕಾವಲು

1999ರ ಜುಲೈ 7ರಂದು ಟೋಗೊ ದೇಶದ ಲೋಮೆ ನಗರದಲ್ಲಿ ಶಾಂತಿ ಒಪ್ಪಂದವಾಯಿತು. ಸಂಕೊನಿಗೆ 1998ರಲ್ಲಿ ರಾಜದ್ರೋಹದ ಅಪರಾಧಕ್ಕಾಗಿ ಮರಣದಂಡನೆ ವಿಧಿಸಲಾಗಿತ್ತು. ಒಪ್ಪಂದದ ಪ್ರಕಾರ ಅವನಿಗೆ ಕ್ಷಮಾದಾನ ದೊರೆಯಿತು. ಉಪಾಧ್ಯಕ್ಷರ ಸಮಾನ ಸ್ಥಾನ ದೊರೆಯಿತು. ಜೊತೆಗೆ ದೇಶದ ಖನಿಜ ಸಂಪತ್ತನ್ನು ನೋಡಿಕೊಳ್ಳುವ ಆಯೋಗದ ಅಧ್ಯಕ್ಷ ಪದವಿಯೂ ದೊರೆಯಿತು. ಕೋಳಿಗೂಡನ್ನು ಕಾಯಲು ನರಿಯನ್ನು ನೇಮಿಸಿದಂತಾಯಿತು. ಒಪ್ಪಂದ ಮಾಡಿದವರು ದಡ್ಡರೇನಲ್ಲ. ಜನರ ಕೊಲೆ ನಿಂತರೆ ಸಾಕೆಂಬ ಹತಾಶೆ ಅವರದು. ಆದರೆ ಬಂದೂಕಿನಿಂದ ಗಣಿಯನ್ನು ಗೆಲ್ಲಬಹುದು ಎಂಬ ಪಾಠವನ್ನೇ ಅದು ಕಲಿಸಿತು.

ಒಪ್ಪಂದ ಒಂದು ವರ್ಷವೂ ನಿಲ್ಲಲಿಲ್ಲ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದವರು ನಮ್ಮ ದೇಶದ ಮೇಜರ್ ಜನರಲ್ ವಿಜಯ್ ಜೇಟ್ಲಿ. 2000ದ ಮೇ ತಿಂಗಳಲ್ಲಿ, ಪಡೆಯು ವಜ್ರದ ಪ್ರದೇಶಗಳತ್ತ ಹೊರಟ ಹೊತ್ತಿಗೆ, ಬಂಡುಕೋರರು ಸುಮಾರು 500 ಶಾಂತಿಪಾಲಕರನ್ನು ಒತ್ತೆಯಾಳಾಗಿ ಹಿಡಿದರು. ಕೈಲಾಹುನ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಭಾರತೀಯ ಗೂರ್ಖಾ ಯೋಧರು ಎರಡು ತಿಂಗಳಿಗೂ ಮೀರಿ ಮುತ್ತಿಗೆಯಲ್ಲಿ ಸಿಲುಕಿದರು. ಶಸ್ತ್ರ ಒಪ್ಪಿಸಲು ಅವರು ನಿರಾಕರಿಸಿದರು. ಜುಲೈ ನಡುವಿನಲ್ಲಿ ‘ಆಪರೇಷನ್ ಖುಕ್ರಿ’ ಎಂಬ ಕಾರ್ಯಾಚರಣೆ ನಡೆಸಿ ಅವರನ್ನು ಬಿಡಿಸಿಕೊಳ್ಳಲಾಯಿತು. ಕೆಲವೇ ವಾರಗಳಲ್ಲಿ, ಮಿತ್ರಪಡೆಯ ಕೆಲವು ನೈಜೀರಿಯನ್ ಅಧಿಕಾರಿಗಳೇ ವಜ್ರದ ವ್ಯವಹಾರದಲ್ಲಿ ತೊಡಗಿದ್ದಾರೆಂದು ಜೇಟ್ಲಿ ಬರೆದ ಟಿಪ್ಪಣಿ ಬಹಿರಂಗವಾಯಿತು. ನೈಜೀರಿಯ ಆರೋಪವನ್ನು ನಿರಾಕರಿಸಿತು. ವಿವಾದದ ನಡುವೆ ಭಾರತ ತನ್ನ ಪಡೆಯನ್ನು ಹಿಂದಕ್ಕೆ ಕರೆಸಿಕೊಂಡಿತು.

ಇಷ್ಟರಲ್ಲಿ ಬ್ರಿಟಿಷ್ ಸೈನ್ಯ ಬಂದಿಳಿದಿತ್ತು. ಸಂಕೊ ಸೆರೆಸಿಕ್ಕಿದ್ದ. ವಿಶ್ವಸಂಸ್ಥೆಯ ಪಡೆಯ ಬಲ ಹೆಚ್ಚಾಯಿತು. 72,000ಕ್ಕೂ ಹೆಚ್ಚು ಹೋರಾಟಗಾರರು ಶಸ್ತ್ರ ಕೆಳಗಿಟ್ಟರು. 2002ರ ಜನವರಿ 18ರಂದು ಯುದ್ಧ ಮುಗಿಯಿತೆಂದು ಸಾರಲಾಯಿತು. ವಿಶೇಷ ನ್ಯಾಯಾಲಯದ ವಿಚಾರಣೆ ಎದುರಿಸುತ್ತಿದ್ದ ಸಂಕೊ 2003ರಲ್ಲಿ ಬಂಧನದಲ್ಲೇ ಸತ್ತ. ಚಾರ್ಲ್ಸ್ ಟೇಲರ್ ತಪ್ಪಿತಸ್ಥನೆಂದು 2012ರಲ್ಲಿ ತೀರ್ಪಾಗಿ 50 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಪ್ರಮಾಣಪತ್ರದ ಕಟ್ಟುಪಾಡು

ಸಿಯೆರಾ ಲಿಯೋನಿನಿಂದ ಪ್ರಮಾಣಪತ್ರವಿಲ್ಲದ ವಜ್ರ ಕೊಳ್ಳುವುದನ್ನು 2000ದ ಜುಲೈನಲ್ಲಿ ಭದ್ರತಾ ಮಂಡಳಿ ನಿಷೇಧಿಸಿತು. ಮುಂದೆ 2003ರಲ್ಲಿ ‘ಕಿಂಬರ್ಲಿ ಪ್ರಕ್ರಿಯೆ’ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ ಜಾರಿಗೆ ಬಂತು. ಕಚ್ಚಾ ವಜ್ರದ ಪ್ರತಿ ಪೆಟ್ಟಿಗೆಯ ಜೊತೆ ಸರ್ಕಾರದ ಪ್ರಮಾಣಪತ್ರ ಇರಬೇಕೆಂಬುದು ಇದರ ತಿರುಳು. ಭಾರತ 2008 ಮತ್ತು 2019ರಲ್ಲಿ ಇದರ ಅಧ್ಯಕ್ಷತೆ ವಹಿಸಿತ್ತು. ಇದರಿಂದ ಪ್ರಯೋಜನವಾಗಿದೆ. ಆದರೆ ಇದರಲ್ಲಿ ಒಂದು ದೊಡ್ಡ ಕೊರತೆಯಿದೆ. ಕಾನೂನುಬದ್ಧ ಸರ್ಕಾರದ ವಿರುದ್ಧ ಹೋರಾಡುವ ಬಂಡುಕೋರರ ವಜ್ರವನ್ನು ಮಾತ್ರ ಇದು ‘ಸಂಘರ್ಷದ ವಜ್ರ’ ಎನ್ನುತ್ತದೆ. ಸರ್ಕಾರವೇ, ಅದರ ಸೈನ್ಯವೇ ಗಣಿಯಲ್ಲಿ ಜನರನ್ನು ಹಿಂಸಿಸಿದರೆ? 2008ರಲ್ಲಿ ಜಿಂಬಾಬ್ವೆಯ ಮರಾಂಗೆ ವಜ್ರದ ಬಯಲಿನಲ್ಲಿ ಹಾಗೆಯೇ ಆಯಿತು. ವ್ಯಾಖ್ಯೆ ಅದಕ್ಕೆ ಒದಗಿಬರಲಿಲ್ಲ. ಸ್ಟೀವನ್ಸ್ ಕಾಲದ ಲೂಟಿಯೂ ಈ ವ್ಯಾಖ್ಯೆಯೊಳಗೆ ಬರುತ್ತಿರಲಿಲ್ಲ ಎಂಬುದನ್ನು ಗಮನಿಸಿ.

ಅದೇ ವಜ್ರ, ಬೇರೆ ಹಾದಿ

ಹಾಗಾದರೆ ವಜ್ರವೆಂದರೆ ಶಾಪವೇ? ಆಫ್ರಿಕದ ದಕ್ಷಿಣ ಭಾಗದಲ್ಲಿರುವ ಬೋಟ್ಸ್ವಾನವನ್ನು ನೋಡೋಣ. 1966ರಲ್ಲಿ ಸ್ವತಂತ್ರವಾದಾಗ ಅದು ಜಗತ್ತಿನ ಅತ್ಯಂತ ಬಡ ದೇಶಗಳಲ್ಲೊಂದು. 1967ರಲ್ಲಿ ಓರಾಪ ಎಂಬಲ್ಲಿ ವಜ್ರ ಪತ್ತೆಯಾಯಿತು. ಮೊದಲ ಅಧ್ಯಕ್ಷ ಸೆರೆತ್ಸೆ ಖಾಮ ತಮ್ಮ ಬುಡಕಟ್ಟಿನ ಸೀಮೆಯಲ್ಲಿ ದೊರೆತ ಸಂಪತ್ತನ್ನು ಬುಡಕಟ್ಟಿಗೆ ಉಳಿಸಿಕೊಳ್ಳಲಿಲ್ಲ. ಖನಿಜದ ಹಕ್ಕು ಇಡೀ ದೇಶಕ್ಕೆ ಸೇರಬೇಕೆಂದು ಕಾನೂನು ಮಾಡಿಸಿದರು. ಗಣಿ ಕಂಪನಿಯಲ್ಲಿ ಸರ್ಕಾರ ಅರ್ಧ ಪಾಲು ಪಡೆಯಿತು. ಆ ಹಣ ಬಜೆಟ್ಟಿನ ಮೂಲಕ ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ಹೋಯಿತು. ಸ್ವಾತಂತ್ರ್ಯ ಬಂದಂದಿನಿಂದ ಅಲ್ಲಿ ಚುನಾವಣೆಗಳು ತಪ್ಪಿಲ್ಲ. 58 ವರ್ಷ ಆಳಿದ ಪಕ್ಷ 2024ರಲ್ಲಿ ಸೋತಾಗ ಶಾಂತಿಯಿಂದ ಅಧಿಕಾರ ಬಿಟ್ಟುಕೊಟ್ಟಿತು.

ಬೋಟ್ಸ್ವಾನಕ್ಕೆ ಒಂದು ಅನುಕೂಲವಿತ್ತೆಂಬುದನ್ನೂ ಹೇಳಬೇಕು. ಅಲ್ಲಿನ ವಜ್ರ ಕೋಲಾರದ ಚಿನ್ನದಂತೆ ಕಲ್ಲಿನಲ್ಲಿ ಸೇರಿದ್ದು. ಗುದ್ದಲಿ, ಜರಡಿಗೆ ದಕ್ಕುವಂಥದಲ್ಲ. ಅಲ್ಲಿಯೂ ಎಲ್ಲವೂ ಚೆನ್ನಾಗಿದೆ ಎನ್ನಲಾಗದು. ಉಳ್ಳವರ, ಇಲ್ಲದವರ ಅಂತರ ದೊಡ್ಡದು. ಕಲಹರಿಯ ಮೂಲನಿವಾಸಿಗಳಿಗೆ ಅನ್ಯಾಯವಾಗಿದೆ. ಪ್ರಯೋಗಾಲಯದಲ್ಲಿ ತಯಾರಾಗುವ ವಜ್ರಗಳಿಂದ ಈಚೆಗೆ ಆದಾಯಕ್ಕೆ ಪೆಟ್ಟು ಬಿದ್ದಿದೆ. ಆದರೂ ವಜ್ರ ಇದ್ದ ಮಾತ್ರಕ್ಕೆ ಅಂತರ್ಯುದ್ಧವಾಗಲೇಬೇಕೆಂಬ ನಿಯಮವಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿದೆ.

ಸಿಯೆರಾ ಲಿಯೋನಿನ ಸತ್ಯ ಮತ್ತು ಸಾಮರಸ್ಯ ಆಯೋಗ ಸಾವಿರಾರು ಜನರ ಹೇಳಿಕೆ ಪಡೆದು 2004ರಲ್ಲಿ ವರದಿ ಕೊಟ್ಟಿತು. ವಜ್ರ ಯುದ್ಧವನ್ನು ಪೋಷಿಸಿತು, ಆದರೆ ಯುದ್ಧದ ಮೂಲ ಕಾರಣ ಅದಲ್ಲ ಎಂಬುದು ಅದರ ನಿರ್ಣಯ. ವರ್ಷಾನುಗಟ್ಟಲೆ ನಡೆದ ದುರಾಡಳಿತ, ಎಲ್ಲೆಲ್ಲೂ ಹಬ್ಬಿದ ಭ್ರಷ್ಟಾಚಾರ, ಜನರ ಹಕ್ಕುಗಳ ನಿರಾಕರಣೆ, ಇವೇ ಮೂಲ ಕಾರಣಗಳೆಂದು ಆಯೋಗ ಹೇಳಿತು. ನಾವು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಯುದ್ಧ 1991ರಲ್ಲಿ ಗಡಿಯಲ್ಲಿ ಆರಂಭವಾಯಿತೆಂದು ಪುಸ್ತಕಗಳು ಹೇಳುತ್ತವೆ. ಆದರೆ ರೈಲು ನಿಂತಾಗ, ಶಾಲೆ ಮುಚ್ಚಿದಾಗ, ಲೆಕ್ಕಪುಸ್ತಕದಿಂದ ವಜ್ರ ಮಾಯವಾದಾಗಲೇ ಅದಕ್ಕೆ ದಾರಿ ಸಿದ್ಧವಾಗಿತ್ತು.

ಇನ್ನೊಂದು ಹರಳಿನ ಕಥೆ ಹೇಳಿ ಮುಗಿಸುತ್ತೇನೆ. 2017ರ ಮಾರ್ಚ್‌ನಲ್ಲಿ ಅದೇ ಕೊನೊ ಜಿಲ್ಲೆಯ ಕೊರ್ಯಾರ್ದು ಎಂಬ ಹಳ್ಳಿಯಲ್ಲಿ 709 ಕ್ಯಾರೆಟ್ಟಿನ ವಜ್ರ ಸಿಕ್ಕಿತು. ಅದನ್ನು ಹುಡುಕಿಸಿದ ಧರ್ಮಬೋಧಕರೊಬ್ಬರು ಕಳ್ಳಪೇಟೆಗೆ ಒಯ್ಯದೆ ಸರ್ಕಾರಕ್ಕೆ ಒಪ್ಪಿಸಿದರು. ಅದನ್ನು ‘ಶಾಂತಿಯ ವಜ್ರ’ ಎಂದು ಕರೆದರು. ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಬಹಿರಂಗ ಹರಾಜಿನಲ್ಲಿ ಅದು 65 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸರ್ಕಾರಕ್ಕೆ ಸಂದಿತು. ಆ ಹಣದಲ್ಲಿ ಒಂದು ಪಾಲನ್ನು ಹಳ್ಳಿಯ ಸುತ್ತಿನ ಅಭಿವೃದ್ಧಿಗೆ ಕೊಡಲಾಗುವುದೆಂದು ಸಾರಲಾಯಿತು. ಎಂಬತ್ತೇಳು ವರ್ಷ ವಜ್ರ ಕೊಟ್ಟ ಜಿಲ್ಲೆಯ ಆ ಹಳ್ಳಿಗೆ ಆಗಲೂ ಒಳ್ಳೆಯ ರಸ್ತೆಯಿರಲಿಲ್ಲ, ಕುಡಿಯುವ ನೀರಿನ ವ್ಯವಸ್ಥೆಯಿರಲಿಲ್ಲ.

1972ರ ಹರಳೂ 2017ರ ಹರಳೂ ಒಂದೇ ನೆಲದವು. ಎರಡನೆಯದರ ಬೆಲೆ ಎಷ್ಟೆಂದು, ಯಾರ ಪಾಲು ಎಷ್ಟೆಂದು ಹಳ್ಳಿಯ ಜನರಿಗೆ ಗೊತ್ತಾಯಿತು. ಹಾಗಾಗಿ ಕೊಟ್ಟ ಮಾತು ನಡೆಯಿತೇ ಎಂದು ಅವರು ಕೇಳಬಲ್ಲರು. ಗಣಿ, ಕಾಡು, ನದಿ, ಮರಳು ಯಾವುದೇ ಇರಲಿ, ಅದರ ಲೆಕ್ಕ ಎಲ್ಲಿದೆ ಎಂದು ಕೇಳುವ ಅಭ್ಯಾಸ ವಿದ್ಯಾರ್ಥಿ ದೆಸೆಯಲ್ಲೇ ಬರಬೇಕು. ಫೂರಾ ಬೇ ವಿದ್ಯಾರ್ಥಿಗಳು 1977ರಲ್ಲಿ ಬೀದಿಗಿಳಿದು ಕೇಳಿದ್ದು ಅದನ್ನೇ. ಅಂದು ಅವರಿಗೆ ಉತ್ತರ ಸಿಕ್ಕಿದ್ದರೆ ಆ ದೇಶದ ಇತಿಹಾಸ ಬೇರೆಯಾಗಬಹುದಿತ್ತು.